ಟೆಕ್ಸಸ್‌ನಲ್ಲಿ ಕಟ್ಟಿದ ಸೇಲ್ಸ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಕಳೀಬೋದಾ? ಒಂದು ಡಬ್ಬ ರಸೀದಿ ಇಟ್ಕೊಂಡು ಕೂತಿದೀನಿ

ಮಂಡ್ಯ-ಫ್ರಿಸ್ಕೋ · ಭಾನುವಾರ ಬೆಳಗ್ಗೆ

ಎಲ್ರಿಗೂ ನಮಸ್ಕಾರ. 2025ರ ಫೆಡರಲ್ (ಕೇಂದ್ರದ) ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋಕೆ ಕೂತಿದೀನಿ. ಏಪ್ರಿಲ್ 15ಕ್ಕೆ ಇನ್ನೂ ದಿನ ಇದೆ, ಆದ್ರೆ ಈ ಸಲ ಒಂದು ಕಡೆ ಸಿಕ್ಕಾಕೊಂಡಿದೀನಿ.

ಹೋದ ವರ್ಷ ಜನವರೀಲಿ ಆಫೀಸಿನವನೊಬ್ಬ "ಟೆಕ್ಸಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ವಲ್ಲ, ಅದರ ಬದಲು ಸೇಲ್ಸ್ ಟ್ಯಾಕ್ಸ್ ಕಳೀಬೋದು, ಒಂದು ರಸೀದೀನೂ ಬಿಸಾಕಬೇಡ" ಅಂದ. ಅವನ ಮಾತು ಕಟ್ಕೊಂಡು ವರ್ಷಪೂರ್ತಿ ಒಂದು ಬಿಸ್ಕತ್ ಡಬ್ಬಕ್ಕೆ ತುಂಬಿದೀನಿ. ಮೊನ್ನೆ ಊಟದ ಟೇಬಲ್ ಮೇಲೆ ಸುರಿದು ನೋಡಿದ್ರೆ ಅರ್ಧಕ್ಕರ್ಧ ಚೀಟಿ ಬಿಳುಚಿಕೊಂಡಿವೆ. ಬೇಸಿಗೇಲಿ ಕಾರಲ್ಲೇ ಬಿಟ್ಟಿದ್ದವಂತೂ ಪೂರ್ತಿ ಕಪ್ಪು. ಉಳಿದವನ್ನ ಕೂಡಿಸ್ತಾ ಹೋದೆ: ಸೋನಾ ಮಸೂರಿ ಮೂಟೆ, ತೊಗರಿಬೇಳೆ, ಹಾಲು, ತರಕಾರಿ, ಯಾವುದಕ್ಕೂ ತೆರಿಗೆ ಇಲ್ಲ. ಅದೇ ಅಂಗಡೀಲಿ ಬಿಸಿ ಸಮೋಸ ತಗೊಂಡ್ರೆ ಇದೆ. ಇಡ್ಲಿ ಪಾತ್ರೆಗೆ 8.25%. ಹೀಗೆ ಒಂದೊಂದೇ ಸಾಲು ಹುಡುಕಿ ಮಾರ್ಚ್ ತಿಂಗಳ ಲೆಕ್ಕ ಮುಗಿಸೋ ಹೊತ್ತಿಗೆ ರಾತ್ರಿ ಒಂದು ಗಂಟೆ. ಸಿಕ್ಕಿದ್ದು 61 ಡಾಲರ್.

ನಮ್ಮ ವಿವರ: ಗಂಡ ಹೆಂಡತಿ, ಇಬ್ಬರು ಮಕ್ಕಳು, ಜಂಟಿ ರಿಟರ್ನ್, ಆದಾಯ 2,10,000 ಆಸುಪಾಸು. ಮನೆ ಸಾಲದ ಬಡ್ಡಿ 14,600. ಮನೆ ಕಂದಾಯ 11,900. ದೇವಸ್ಥಾನ, ಕನ್ನಡ ಶಾಲೆ ಎಲ್ಲಾ ಸೇರಿ ದಾನ 1,500. ಆಗಸ್ಟ್‌ನಲ್ಲಿ 42,000ದ ಮಿನಿವ್ಯಾನ್ ತಗೊಂಡ್ವಿ, ಹಳೇ ಗಾಡಿಗೆ 12,000 ಹಿಡಿದುಕೊಂಡ್ರು.

ಪ್ರಶ್ನೆ ಇಷ್ಟೇ. ಈ ಡಬ್ಬದ ಲೆಕ್ಕ ಮಾಡೋದಾ, ಬಿಡೋದಾ?

ಉಡುಪಿ-ಹ್ಯೂಸ್ಟನ್ · ಭಾನುವಾರ

ಮಾರಾಯ್ರೆ, ಮೊದಲು ಆ ಡಬ್ಬದ ಮುಚ್ಚಳ ಹಾಕಿ. ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ ಹೇಳಿದ್ದಾರೆ.

ಶೆಡ್ಯೂಲ್ ಎ (ಖರ್ಚುಗಳನ್ನು ಒಂದೊಂದಾಗಿ ಬರೆದು ಆದಾಯದಿಂದ ಕಳೆಯುವ ಹಾಳೆ) ತೆಗೆದು 5ಎ ಸಾಲು ನೋಡಿ. ಅಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಬರೆಯಬಹುದು, ಇಲ್ಲವೇ ಸೇಲ್ಸ್ ಟ್ಯಾಕ್ಸ್ ಬರೆಯಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ. ಸೇಲ್ಸ್ ಟ್ಯಾಕ್ಸ್ ಆದರೆ ಪಕ್ಕದ ಸಣ್ಣ ಚೌಕದಲ್ಲಿ ಟಿಕ್ ಹಾಕಬೇಕು. ಇದನ್ನು ಮರೆಯುವವರು ತುಂಬಾ ಮಂದಿ ಉಂಟು.

ಸೇಲ್ಸ್ ಟ್ಯಾಕ್ಸ್ ಲೆಕ್ಕ ಹಾಕಲಿಕ್ಕೆ ದಾರಿ ಎರಡು. ಒಂದು, ವರ್ಷವಿಡೀ ಕಟ್ಟಿದ ತೆರಿಗೆಯನ್ನು ರಸೀದಿ ಸಮೇತ ಕೂಡಿಸುವುದು. ಇನ್ನೊಂದು, ಐಆರ್‌ಎಸ್‌ನವರೇ (ಕೇಂದ್ರದ ತೆರಿಗೆ ಇಲಾಖೆ) ಕೊಟ್ಟ ಕೋಷ್ಟಕ. ನಿಮ್ಮ ರಾಜ್ಯ, ಆದಾಯ, ಮನೆಯ ತಲೆ ಎಷ್ಟು, ಇಷ್ಟು ನೋಡಿದರೆ ಒಂದು ಮೊತ್ತ ಸಿಗುತ್ತದೆ. ಟೆಕ್ಸಸ್ ರಾಜ್ಯದ ದರ 6.25%. ನಿಮ್ಮ ಊರಿನ ಪಾಲು 2%. ಕೋಷ್ಟಕದಲ್ಲಿ ಇರುವುದು ರಾಜ್ಯದ್ದು ಮಾತ್ರ, ಊರಿನ ಪಾಲಿಗೆ ಆ ಮೊತ್ತದ 32% ಮೇಲೆ ಸೇರಿಸಬೇಕು. ಎರಡನ್ನು ಆರೂಕಾಲರಿಂದ ಭಾಗಿಸಿದರೆ ಬರುವುದೇ ಅದು. ಐಆರ್‌ಎಸ್ ಜಾಲತಾಣದ ಕ್ಯಾಲ್ಕುಲೇಟರಿಗೆ ಪಿನ್‌ಕೋಡ್ ಕೊಟ್ಟರೆ ಅದೇ ಎಲ್ಲ ಮಾಡಿಕೊಡುತ್ತದೆ. ಇದಕ್ಕೆ ರಸೀದಿ ಒಂದೂ ಬೇಡ.

ನಿಮಗೆ ಬೇಕಾದ ಮಾತು ಇನ್ನು ಬರುವುದು. ಕೋಷ್ಟಕದ ಮೊತ್ತದ ಮೇಲೆ ಕೆಲವು ದೊಡ್ಡ ಖರೀದಿಗಳ ತೆರಿಗೆಯನ್ನು ಬೇರೆಯಾಗಿ ಸೇರಿಸಬಹುದು: ಕಾರು, ಬೈಕು, ಆರ್‌ವಿ (ಮನೆಗಾಡಿ) ಇಂಥ ವಾಹನ (ಲೀಸ್ ಆದರೂ ಆದೀತು), ದೋಣಿ, ವಿಮಾನ, ಮನೆ, ಮನೆಯ ದೊಡ್ಡ ವಿಸ್ತರಣೆ. ಟೆಕ್ಸಸ್‌ನಲ್ಲಿ ವಾಹನಕ್ಕೆ 6.25%, ಹಳೇ ಗಾಡಿಯ ಬೆಲೆ ಕಳೆದ ಮೇಲೆ. ನಿಮ್ಮದು 30,000ಕ್ಕೆ 1,875 ಡಾಲರ್. ಡಬ್ಬದಲ್ಲಿ ಹುಡುಕಬೇಕಾದ ಕಾಗದ ಅದೊಂದೇ.

ಮಂಡ್ಯ-ಫ್ರಿಸ್ಕೋ

ಸಾರ್, ಗಾಡಿ ಕಾಗದ ಡಬ್ಬದಲ್ಲಿಲ್ಲ, ಫೈಲಲ್ಲಿ ಭದ್ರವಾಗಿದೆ. ಅದರಲ್ಲಿ ಸೇಲ್ಸ್ ಟ್ಯಾಕ್ಸ್ 1,875 ಅಂತಾನೇ ಇದೆ. ಕೆಳಗೆ "ಡೀಲರ್ಸ್ ಇನ್ವೆಂಟರಿ ಟ್ಯಾಕ್ಸ್" ಅಂತ ಇನ್ನೊಂದು ಸಾಲು, ಟೈಟಲ್ ಫೀ, ರಿಜಿಸ್ಟ್ರೇಷನ್, ಡಾಕ್ಯುಮೆಂಟ್ ಫೀ ಬೇರೆ. ಇವನ್ನೂ ಸೇರಿಸ್ಬೋದಾ? ಟ್ಯಾಕ್ಸ್ ಅಂತಾನೇ ಬರೆದಿದಾರಲ್ಲ.

ಕ್ಯಾಲ್ಕುಲೇಟರ್ ಹಾಕಿ ನೋಡಿದೆ. ಊರಿನ ಪಾಲೂ ಸೇರಿ 2,500 ಚಿಲ್ಲರೆ ತೋರಿಸ್ತು. ನಾನು ರಾತ್ರಿ ಒಂದು ಗಂಟೆ ತನಕ ಕೂತು ಕೂಡಿಸಿದ್ದು 61! ಹೆಂಡತಿ ನಗ್ತಾ ಇದ್ದಾಳೆ.

ಉಡುಪಿ-ಹ್ಯೂಸ್ಟನ್

ಇನ್ವೆಂಟರಿ ಟ್ಯಾಕ್ಸ್ ಎಂದರೆ ಡೀಲರ್ ತನ್ನ ಅಂಗಳದಲ್ಲಿ ನಿಲ್ಲಿಸಿದ ಗಾಡಿಗಳಿಗೆ ತಾನು ಕಟ್ಟಬೇಕಾದ ಆಸ್ತಿ ತೆರಿಗೆ. ಅವನ ಖರ್ಚನ್ನು ನಿಮ್ಮ ಬಿಲ್ಲಿಗೆ ದಾಟಿಸಿದ್ದಾನೆ ಅಷ್ಟೆ. ನಿಮ್ಮ ಮೇಲೆ ಹೇರಿದ ತೆರಿಗೆ ಅಲ್ಲ, ಸೇರಿಸಬೇಡಿ. ಟೈಟಲ್, ರಿಜಿಸ್ಟ್ರೇಷನ್ ಬರೀ ಫೀಸು. ಟೆಕ್ಸಸ್‌ನಲ್ಲಿ ಕಾರಿಗೆ ಎಷ್ಟೇ ಬೆಲೆ ಇರಲಿ ರಿಜಿಸ್ಟ್ರೇಷನ್ ಒಂದೇ, ಆದ್ದರಿಂದ ಅದು ಎಲ್ಲಿಯೂ ಕೂರುವುದಿಲ್ಲ. ಕ್ಯಾಲಿಫೋರ್ನಿಯಾದವರ ಬಿಲ್ಲಿನಲ್ಲಿ ಗಾಡಿಯ ಬೆಲೆಗೆ ತಕ್ಕಂತೆ ಬೀಳುವ ಲೈಸೆನ್ಸ್ ಫೀ ಉಂಟಲ್ಲ, ಅದು ವಾಹನದಂಥ ಚರಾಸ್ತಿಯ ತೆರಿಗೆ ಬರೆಯುವ 5ಸಿ ಸಾಲಿಗೆ ಹೋಗುತ್ತದೆ. ಬೆಲೆಯ ಮೇಲೆ ನಿಂತ ತೆರಿಗೆಯಾ, ಬರೀ ಶುಲ್ಕವಾ ಎಂದು ನೋಡಬೇಕು.

ಮಲೆನಾಡಿಂದ-ಮಳೆನಾಡಿಗೆ · ಸಿಯಾಟಲ್

ಇದೇ ವಿಷಯಕ್ಕೆ ನಂದೂ ಒಂದು. ನಾವಿಲ್ಲಿ ಸಿಯಾಟಲ್ ಹತ್ತಿರ. ನಮಗೂ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಸೇಲ್ಸ್ ಟ್ಯಾಕ್ಸ್ ಮಾತ್ರ ಮಳೆ ಥರ ಸುರಿಯುತ್ತೆ. ಕಾರು ಕೊಂಡಾಗ ಸಾಮಾನ್ಯ ದರದ ಮೇಲೆ ವಾಹನಕ್ಕೆ ಅಂತ 0.3% ಹೆಚ್ಚು ಹಾಕಿದಾರೆ. ಸಾಫ್ಟ್‌ವೇರ್‌ನಲ್ಲಿ ಬಿಲ್ಲಿನ ಪೂರ್ತಿ ಮೊತ್ತ ಹಾಕಿಬಿಟ್ಟೆ. ಸರೀನಾ?

ಇನ್ನೊಂದು, ಪ್ರತಿವರ್ಷ ಕಾರ್ ಟ್ಯಾಬ್ಸ್ (ರಿಜಿಸ್ಟ್ರೇಷನ್ ನವೀಕರಣ) ಬಿಲ್‌ನಲ್ಲಿ ಆರ್‌ಟಿಎ ಅಂತ ಒಂದು ದಪ್ಪ ಸಾಲು ಇರುತ್ತಲ್ಲ, ರೈಲಿನ ದುಡ್ಡು. ಹೊಸ ಕಾರಿಗೆ ಜಾಸ್ತಿ, ಹಳೇದಕ್ಕೆ ಕಮ್ಮಿ. ಅದು ಯಾವ ಲೆಕ್ಕಕ್ಕೆ?

ಉಡುಪಿ-ಹ್ಯೂಸ್ಟನ್

ಅಕ್ಕ, ವಾಹನದ ದರ ಸಾಮಾನ್ಯ ದರಕ್ಕಿಂತ ಹೆಚ್ಚಿದ್ದರೆ ಸಾಮಾನ್ಯ ದರದಷ್ಟು ಮಾತ್ರ. ಆ 0.3% ಬಿಟ್ಟು ಹಾಕಿ. 40,000ದ ಕಾರಿಗೆ 120 ಡಾಲರ್ ವ್ಯತ್ಯಾಸ, ಅಷ್ಟಕ್ಕೆ ತಪ್ಪು ಲೆಕ್ಕ ಯಾಕೆ? ಆರ್‌ಟಿಎ ಕಾರಿನ ಬೆಲೆಯ ಮೇಲೆ ಬೀಳುವುದು, ಹಾಗಾಗಿ 5ಸಿಯಲ್ಲಿ ಬರೆಯಬಹುದು. ಬಿಲ್ಲಿನ ಆ ಒಂದು ಸಾಲು ಮಾತ್ರ, ಇಡೀ ಬಿಲ್ಲಲ್ಲ.

ಹಾಸನದ-ಆಲೂಗಡ್ಡೆ · ಆಸ್ಟಿನ್

ಇಷ್ಟೆಲ್ಲಾ ಮಾತಾಡ್ತಿದ್ದೀರ, ಸ್ಟ್ಯಾಂಡರ್ಡ್ ಡಿಡಕ್ಷನ್ (ಶೆಡ್ಯೂಲ್ ಎ ಬದಲು, ಖರ್ಚು ತೋರಿಸದೇನೇ ಸಿಗೋ ಕಡಿತ) ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲವಲ್ಲ! 2025ಕ್ಕೆ ಗಂಡ ಹೆಂಡತಿಗೆ 31,500, ಒಬ್ಬರಿಗೆ 15,750. ಅದನ್ನ ದಾಟದೇ ಇದ್ರೆ ಈ 5ಎ ಸಾಲು ಇದ್ರೂ ಒಂದೇ ಇಲ್ದಿದ್ರೂ ಒಂದೇ. ನಾನು ಎಂಟು ವರ್ಷದಿಂದ ಶೆಡ್ಯೂಲ್ ಎ ಮುಖಾನೇ ನೋಡಿಲ್ಲ. ರಾಜ್ಯ, ಊರಿನ ತೆರಿಗೆ, ಮನೆ ಕಂದಾಯ ಎಲ್ಲಾ ಸೇರಿ ಹತ್ತು ಸಾವಿರದವರೆಗೆ ಮಾತ್ರ ಕಳೀಬೋದು ಅನ್ನೋ ಮಿತಿ ಬಂದಾಗಿಂದ ಟೆಕ್ಸಸ್‌ನೋರಿಗೆ ಮನೆ ಕಂದಾಯದಲ್ಲೇ ಮಿತಿ ತುಂಬಿಹೋಗುತ್ತೆ. ಆಮೇಲೆ ಸೇಲ್ಸ್ ಟ್ಯಾಕ್ಸ್ ಸೇರಿಸಿದ್ರೆಷ್ಟು, ಬಿಟ್ರೆಷ್ಟು. ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ.

ಉಡುಪಿ-ಹ್ಯೂಸ್ಟನ್

ಆಲೂಗಡ್ಡೆಯವರು ಹೇಳಿದ್ದು 2018ರಿಂದ 2024ರವರೆಗೆ ನೂರಕ್ಕೆ ನೂರು ಸರಿ. ಆದರೆ ಕೊಡ ಈಗ ದೊಡ್ಡದಾಗಿದೆ. 2025ರ ಜುಲೈ 4ರಂದು ಸಹಿ ಬಿದ್ದ ಕಾನೂನಿನಲ್ಲಿ ಈ ಸಾಲ್ಟ್ (ರಾಜ್ಯ ಮತ್ತು ಸ್ಥಳೀಯ ತೆರಿಗೆ) ಮಿತಿಯನ್ನು 40,000 ಮಾಡಿದ್ದಾರೆ, ಅದೂ 2025ರ ರಿಟರ್ನಿನಿಂದಲೇ. ಗಂಡ ಹೆಂಡತಿ ಬೇರೆ ಬೇರೆ ಹಾಕಿದರೆ ತಲಾ 20,000. 2026ಕ್ಕೆ 40,400, ಹೀಗೆ ವರ್ಷಕ್ಕೆ 1% ಏರುತ್ತಾ 2029ರ ತನಕ. 2030ಕ್ಕೆ ಪುನಃ 10,000.

ಇದಕ್ಕೊಂದು ಹಳೇ ಕಥೆಯೂ ಉಂಟು. ಸೇಲ್ಸ್ ಟ್ಯಾಕ್ಸ್ ಕಳೆಯುವ ಅವಕಾಶ ಮೊದಲು ಎಲ್ಲರಿಗೂ ಇತ್ತು. 1986ರ ಸುಧಾರಣೆಯಲ್ಲಿ ಕಿತ್ತು ಹಾಕಿದರು. ಇನ್‌ಕಮ್ ಟ್ಯಾಕ್ಸ್ ಇರುವ ರಾಜ್ಯದವರಿಗೆ ಕಡಿತ ಉಂಟು, ಟೆಕ್ಸಸ್, ಫ್ಲೋರಿಡಾ, ವಾಷಿಂಗ್ಟನ್, ಟೆನೆಸಿಯವರಿಗೆ ಇಲ್ಲ, ಇದ್ಯಾವ ನ್ಯಾಯ ಎಂದು ಕೂಗು ಎದ್ದು 2004ರಲ್ಲಿ ವಾಪಸ್ಸು ತಂದರು, ಎರಡೇ ವರ್ಷದ ಮಟ್ಟಿಗೆ. ಆಮೇಲೆ ಅವಧಿ ಮುಗಿಯುವುದು, ಕೊನೇ ಗಳಿಗೆಯಲ್ಲಿ ಮುಂದೂಡುವುದು, ಪುನಃ ಮುಗಿಯುವುದು. ಒಂದು ಡಿಸೆಂಬರಿನಲ್ಲಿ ನಾನು ಕಾರು ಕೊಳ್ಳಲಿಕ್ಕೆ ಹೋಗಿ, ಈ ವರ್ಷ ಕಡಿತ ಸಿಗುತ್ತದೋ ಇಲ್ಲವೋ ಗೊತ್ತಾಗದೆ ಡೀಲರನ ಮೇಜಿನ ಮುಂದೆ ಕೂತು ವಾರ್ತೆ ಓದಿದ್ದುಂಟು. 2015ರ ಡಿಸೆಂಬರಿನಲ್ಲಿ ಕಾಯಂ ಮಾಡಿದರು. ಎರಡೇ ವರ್ಷಕ್ಕೆ ಹತ್ತು ಸಾವಿರದ ಮಿತಿ ಬಂತು!

ಮಂಡ್ಯ-ಫ್ರಿಸ್ಕೋ

ಹಂಗಾದ್ರೆ ನನ್ನ ಲೆಕ್ಕ ನಾನೇ ಹಾಕ್ತೀನಿ, ತಪ್ಪಿದ್ರೆ ಕಿವಿ ಹಿಂಡಿ.

ಬಡ್ಡಿ 14,600. ಕಂದಾಯ 11,900. ಸೇಲ್ಸ್ ಟ್ಯಾಕ್ಸ್ ಕೋಷ್ಟಕದ್ದು 2,500, ಗಾಡೀದು 1,875, ಕೂಡಿ 4,375. ದಾನ 1,500. ಒಟ್ಟು 32,375. ಸ್ಟ್ಯಾಂಡರ್ಡ್ 31,500. ಗೆದ್ದೆ!

ಹಳೇ ಮಿತಿ ಇದ್ದಿದ್ರೆ ಕಂದಾಯ ಸೇಲ್ಸ್ ಟ್ಯಾಕ್ಸ್ ಎರಡೂ ಸೇರಿ 10,000, ಒಟ್ಟು 26,100ಕ್ಕೆ ನಿಲ್ತಿತ್ತು. ಅಂದ್ರೆ 4,375 ಡಾಲರ್ ಪೂರ್ತಿ ಉಳೀತು ಅಂತ ಅಲ್ವಾ?

ಉಡುಪಿ-ಹ್ಯೂಸ್ಟನ್

ಅಲ್ಲ. ಎಲ್ಲರೂ ಎಡವುವುದು ಇದೇ ಹೊಸ್ತಿಲಿಗೆ, ಸ್ವಲ್ಪ ನಿಧಾನವಾಗಿ ನೋಡಿ.

ಸೇಲ್ಸ್ ಟ್ಯಾಕ್ಸ್ ಬಿಟ್ಟರೆ ನಿಮ್ಮ ಒಟ್ಟು 28,000. ಆಗ ನೀವು 31,500 ಸ್ಟ್ಯಾಂಡರ್ಡ್ ತೆಗೆದುಕೊಳ್ಳುತ್ತಿದ್ದಿರಿ, ಏನೂ ಮಾಡದೆ, ಏನೂ ಬರೆಯದೆ. 4,375ರಲ್ಲಿ ಮೊದಲ 3,500 ಆ ಹೊಂಡ ಮುಚ್ಚಲಿಕ್ಕೇ ಹೋಯಿತು. ಹೊಂಡದಿಂದ ಮೇಲೆ ಕಾಣುವುದು 875. ಅದು ಕೂಡ ತೆರಿಗೆಯಲ್ಲಿ ಕಡಿಮೆಯಾಗುವುದಲ್ಲ, ತೆರಿಗೆ ಬೀಳುವ ಆದಾಯದಲ್ಲಿ ಕಡಿಮೆಯಾಗುವುದು. ನೀವು 22%ರ ಮೆಟ್ಟಿಲಲ್ಲಿ ಇದ್ದೀರಿ. 875ಕ್ಕೆ 22% ಎಂದರೆ 192 ಡಾಲರ್ 50 ಸೆಂಟ್.

ಗಾಡಿ ಕೊಳ್ಳದೆ ಇದ್ದಿದ್ದರೆ 30,500ಕ್ಕೆ ನಿಂತು, ಸ್ಟ್ಯಾಂಡರ್ಡೇ ಗತಿಯಾಗುತ್ತಿತ್ತು.

ಹಾಸನದ-ಆಲೂಗಡ್ಡೆ

192 ಡಾಲರ್‌ಗೆ ಒಂದು ವರ್ಷ ರಸೀದಿ ಆಯ್ದಿದ್ದಾ ಗುರು! 😂 ಡಬ್ಬದ ಬಿಸ್ಕತ್ತಾದ್ರೂ ಚೆನ್ನಾಗಿತ್ತಾ?

ಮಂಡ್ಯ-ಫ್ರಿಸ್ಕೋ

ಬಿಸ್ಕತ್ ಸೂಪರ್.

ಧಾರವಾಡ-ವ್ಯಾಂಕೂವರ್ · ಸೋಮವಾರ

ನಮಸ್ಕಾರ್ರಿ. ನಾ ಇರೂದು ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ದಾಗ, ಕೆನಡಾದ್ದಲ್ಲ ಮತ್ತ. ನದಿ ಮ್ಯಾಲಿನ ಬ್ರಿಜ್ ದಾಟಿದ್ರ ಪೋರ್ಟ್‌ಲ್ಯಾಂಡ್, ಅದು ಆರಿಗಾನ್. ಅಲ್ಲೆ ಸೇಲ್ಸ್ ಟ್ಯಾಕ್ಸ್ ಅನ್ನೂದ ಇಲ್ಲ. ಟಿವಿ, ಫ್ರಿಜ್, ಮಕ್ಕಳ ಲ್ಯಾಪ್‌ಟಾಪ್, ಎಲ್ಲಾ ಅಲ್ಲಿಂದನ ತಂದೀವಿ. ನನ್ನ ಕೆಲಸಾನೂ ಆರಿಗಾನ್‌ದಾಗ, ಚಿಪ್ ಕಂಪನಿ ಒಳಗ. ಈಗ ಕೋಷ್ಟಕಾ ನೋಡಿದ್ರ ವಾಷಿಂಗ್ಟನ್‌ದಾಂವ ಅಂತ ನನಗೂ ಛಲೋ ಮೊತ್ತ ತೋರಸ್ತದ. ಕಟ್ಟಲಾರದ ತೆರಗಿ ಕಳಕೊಂಡ್ರ ಪಾಪ ಹತ್ತೂದಿಲ್ಲೇನ್ರಿ?

ಉಡುಪಿ-ಹ್ಯೂಸ್ಟನ್

ಪಾಪದ ಲೆಕ್ಕ ಐಆರ್‌ಎಸ್ ಇಡುವುದಿಲ್ಲ! ಕೋಷ್ಟಕ ಎನ್ನುವುದು ಅಂದಾಜು. ನೀವು ಎಲ್ಲಿ ಕೊಂಡಿರಿ, ಎಷ್ಟು ಕೊಂಡಿರಿ ಎಂದು ಅದು ಕೇಳುವುದಿಲ್ಲ, ಎಲ್ಲಿ ವಾಸ ಎಂದು ಮಾತ್ರ ಕೇಳುತ್ತದೆ. ಹೊರಗಿನಿಂದ ತಂದ ಸಾಮಾನಿಗೆ ವಾಷಿಂಗ್ಟನ್ ರಾಜ್ಯಕ್ಕೆ ಯೂಸ್ ಟ್ಯಾಕ್ಸ್ ಕಟ್ಟಬೇಕು ಎಂಬ ನಿಯಮ ಉಂಟು, ಅದು ನಿಮಗೂ ಆ ರಾಜ್ಯಕ್ಕೂ ಇರುವ ಸಂಗತಿ.

ಆದರೆ ನಿಮಗೆ ಈ ಚಿಂತೆಯೇ ಬೇಡ. ಆರಿಗಾನ್‌ನಲ್ಲಿ ದುಡಿಯುತ್ತೀರಿ ಎಂದರೆ ಆರಿಗಾನ್‌ಗೆ ಇನ್‌ಕಮ್ ಟ್ಯಾಕ್ಸ್ ಹಿಡಿದಿರುತ್ತಾರಲ್ಲ? ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಚೀಟಿ ಡಬ್ಲ್ಯೂ-2ದ 17ನೇ ಚೌಕ ನೋಡಿ.

ಧಾರವಾಡ-ವ್ಯಾಂಕೂವರ್

ಅಯ್ಯ, ಹೌದಲ್ರಿ! ನೋಡಿದೆ. 11,200 ಹಿಡದಾರ. ಇಷ್ಟ ದಿನಾ ವಾಷಿಂಗ್ಟನ್‌ದಾಗ ಮನಿ ಅದ, ಇನ್‌ಕಮ್ ಟ್ಯಾಕ್ಸ್ ನಮಗ ಸಂಬಂಧ ಇಲ್ಲ ಅಂತ ತಿಳಕೊಂಡು ಸೇಲ್ಸ್ ಟ್ಯಾಕ್ಸಿಗೆ ಟಿಕ್ ಹೊಡಕೋತ ಬಂದಿದ್ದೆ. ಮಿತಿ ಹತ್ತು ಸಾವಿರ ಇದ್ದಾಗ ಮನಿ ಕಂದಾಯದ ಕೂಡ ಹ್ಯಾಂಗೂ ತುಂಬತಿತ್ತು, ಅದಕ್ಕ ಫರಕ್ ಗೊತ್ತಾಗಿದ್ದಿಲ್ಲ. ಈ ವರ್ಷ ಆಗೂದಿತ್ತು ಪಂಚೇತಿ. ಭಾಳ ಉಪಕಾರ ಆತ್ರಿ.

ಎಫ್1-ಹುಡುಗ · ಆರ್ಲಿಂಗ್ಟನ್

ಅಣ್ಣಂದಿರೇ, ನಾನು ಇಲ್ಲಿ ಎಂಎಸ್ ಮಾಡ್ತಿದ್ದೀನಿ, ಬಂದು ಎರಡು ವರ್ಷ. ಕ್ಯಾಂಪಸ್ ಕೆಲಸ, ಇಂಟರ್ನ್‌ಶಿಪ್ ಸೇರಿ 24,000 ಬಂದಿದೆ. ಹಳೇ ಕಾರು ಒಂದು ತಗೊಂಡೆ, 9,000ಕ್ಕೆ 562 ತೆರಿಗೆ ಕಟ್ಟಿದೆ. ನಾನೂ 5ಎನಲ್ಲಿ ಹಾಕಬಹುದಾ? ರೂಮ್‌ಮೇಟ್ ಹಾಕಿದಾನಂತೆ.

ಉಡುಪಿ-ಹ್ಯೂಸ್ಟನ್

ತಮ್ಮಾ, ನಿನ್ನ ಫಾರ್ಮೇ ಬೇರೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರು ಮೊದಲ 5 ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ತೆರಿಗೆ ಲೆಕ್ಕಕ್ಕೆ ಅನಿವಾಸಿಗಳು, ಹಾಕಬೇಕಾದ್ದು ಅನಿವಾಸಿಗಳ ಫಾರ್ಮ್ 1040-ಎನ್‌ಆರ್. ಅದರ ಶೆಡ್ಯೂಲ್ ಎಯಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸಿಗೆ ಜಾಗ ಉಂಟು, ಸೇಲ್ಸ್ ಟ್ಯಾಕ್ಸಿಗೆ ಇಲ್ಲ. ಟೆಕ್ಸಸ್‌ನಲ್ಲಿ ಆ ಜಾಗವೂ ಖಾಲಿ.

ಬೇಸರ ಬೇಡ, ನಿನಗೆ ಅದಕ್ಕಿಂತ ದೊಡ್ಡದು ಉಂಟು. ಅನಿವಾಸಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಲ್ಲಿ ಭಾರತದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಕೊಟ್ಟಿದ್ದಾರೆ. ಪೂರ್ತಿ 15,750. 562ಕ್ಕೆ ತಲೆ ಕೆಡಿಸಿಕೊಂಡು ಅದನ್ನು ಬಿಟ್ಟೀಯ ಮತ್ತೆ. ರೂಮ್‌ಮೇಟ್ ನಿವಾಸಿಗಳ ಫಾರ್ಮ್ 1040 ಹಾಕಿದ್ದರೆ ತಿದ್ದುಪಡಿ ರಿಟರ್ನ್ ಹಾಕಲಿಕ್ಕೆ ಹೇಳು. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಎಫ್1-ಹುಡುಗ

ಥ್ಯಾಂಕ್ಸ್ ಅಣ್ಣ. ರೂಮ್‌ಮೇಟ್ ಮುಖ ಬಾಡಿದೆ.

ಚಿನ್ನದ-ಅತ್ತೆ · ಹ್ಯೂಸ್ಟನ್

ಉಡುಪಿಯವರೇ, ನಮ್ಮೂರಿನವರೇ ನೀವು, ಒಂದು ಹೇಳಿ. ಮಗಳ ಮದುವೆಗೆ ಹಿಲ್‌ಕ್ರಾಫ್ಟ್‌ನಲ್ಲಿ ಒಡವೆ ಮಾಡಿಸಿದ್ವಿ, ಒಟ್ಟು 38,000. ಅದಕ್ಕೆ 8.25% ಅಂದ್ರೆ 3,135 ತೆರಿಗೆ ಕಟ್ಟಿದೀವಿ. ಕಾರಿನ ಹಾಗೆ ಇದನ್ನೂ ಕೋಷ್ಟಕದ ಮೇಲೆ ಸೇರಿಸಬಹುದು ತಾನೆ? ಕಾರಿಗಿಂತ ದೊಡ್ಡ ಖರೀದಿ!

ಉಡುಪಿ-ಹ್ಯೂಸ್ಟನ್

ಆಗುವುದಿಲ್ಲ ಅಕ್ಕ. ದೊಡ್ಡ ಖರೀದಿಯೆಲ್ಲ ಆ ಪಟ್ಟಿಗೆ ಬರುವುದಿಲ್ಲ. ವಾಹನ, ದೋಣಿ, ವಿಮಾನ, ಮನೆ, ಅಷ್ಟೇ. ಅಮೆರಿಕದವರಿಗೆ ದೋಣಿ ನೆನಪಾಗಿದೆ, ಅವಲಕ್ಕಿ ಸರ ನೆನಪಾಗಲಿಲ್ಲ, ಏನು ಮಾಡುವುದು. ಸೋಫಾ, ಟಿವಿ ಕೂಡ ಹಾಗೆಯೇ ಹೊರಗೆ.

ಆದರೆ ನಿಮಗೆ ಮೊದಲನೇ ದಾರಿ ಉಂಟಲ್ಲ, ರಸೀದಿಯದ್ದು. ಆ ದಾರಿಯಲ್ಲಿ ಒಡವೆಯ 3,135 ಬರುತ್ತದೆ, ಮದುವೆಗೆ ಕೊಂಡ ಬಟ್ಟೆ, ಪಾತ್ರೆ, ಊಟದ ಬಿಲ್ಲಿನ ತೆರಿಗೆಯೂ ಬರುತ್ತದೆ. ಕೋಷ್ಟಕ ಬಿಡಬೇಕು, ಎರಡನ್ನೂ ಬೆರೆಸುವ ಹಾಗಿಲ್ಲ. ನಿಮ್ಮ ಕೋಷ್ಟಕದ ಮೊತ್ತ 2,000 ಎಂದಿಟ್ಟುಕೊಳ್ಳಿ. ಒಡವೆಯ ಒಂದೇ ಬಿಲ್ಲು ಅದನ್ನು ದಾಟಿತು. ಮದುವೆ, ಗೃಹಪ್ರವೇಶ ಇದ್ದ ವರ್ಷ ಮಾತ್ರ ಡಬ್ಬಕ್ಕೆ ಬೆಲೆ. ಥರ್ಮಲ್ ಕಾಗದ ಅಳಿಸಿ ಹೋಗುವ ಮೊದಲು ಫೋಟೋ ತೆಗೆದಿಡಿ.

ಚಿನ್ನದ-ಅತ್ತೆ

ಹಾಲ್ ಬಿಲ್ಲು, ಕ್ಯಾಟರಿಂಗ್ ಬಿಲ್ಲು ಎಲ್ಲಾ ಈಮೇಲ್‌ನಲ್ಲಿದೆ, ಬಚಾವ್. ಉಳಿದ ಒಡವೆ ಮೈಸೂರಲ್ಲಿ ಮಾಡಿಸಿದ್ದು, ಅಲ್ಲಿ 3% ಜಿಎಸ್‌ಟಿ ಕಟ್ಟಿದ್ದೂ ಹಾಕಬಹುದಾ?

ಉಡುಪಿ-ಹ್ಯೂಸ್ಟನ್

ಇಲ್ಲ. ಇಲ್ಲಿಯ ರಾಜ್ಯ, ಇಲ್ಲಿಯ ಊರಿನ ತೆರಿಗೆ ಮಾತ್ರ. ಅದೇ ಜಾಡಿನಲ್ಲಿ ಇನ್ನೊಂದು: ಊರಿನಲ್ಲಿರುವ ಮನೆ, ಸೈಟಿಗೆ ನಗರಪಾಲಿಕೆಗೆ ಕಟ್ಟುವ ಕಂದಾಯವೂ 5ಬಿಯಲ್ಲಿ (ಮನೆ ಕಂದಾಯದ ಸಾಲು) ಕೂರುವುದಿಲ್ಲ. 2018ರ ಮೊದಲು ಕೂರುತ್ತಿತ್ತು, ಈಗ ಇಲ್ಲ. ಆ ಮನೆ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆಯ ಲೆಕ್ಕ ತೋರಿಸುವ ಶೆಡ್ಯೂಲ್ ಇಯಲ್ಲಿ ಖರ್ಚು ಎಂದು ಕಳೆಯಬಹುದು.

ಜಯನಗರ-4ನೇ-ಬ್ಲಾಕ್ · ಬೆಂಗಳೂರು

ಇದನ್ನೆಲ್ಲಾ ಓದಿ ಹೊಟ್ಟೆ ಉರೀತಿದೆ. ನಾವಿಲ್ಲಿ ಬಿಸ್ಕತ್ತಿಂದ ಹಿಡಿದು ವಿಮೆ ತನಕ ವರ್ಷಗಟ್ಟಲೆ ಜಿಎಸ್‌ಟಿ ಕಟ್ಟಿದ್ವಿ, ಕಾರಿಗೆ ರೋಡ್ ಟ್ಯಾಕ್ಸ್ ಬೇರೆ. ನಮ್ಮ ಐಟಿಆರ್‌ನಲ್ಲಿ ಸಂಬಳದವನಿಗೆ ಇಂಥದ್ದೊಂದು ಸಾಲೂ ಇಲ್ಲ.

ಹಾಸನದ-ಆಲೂಗಡ್ಡೆ

ಇಲ್ಲಿ ಸಾಲಿದೆ, ದುಡ್ಡು ಬರಲ್ಲ. ಸಮಾಧಾನ ಮಾಡ್ಕೊಳಿ ಸಾರ್.

ಸನ್ನಿವೇಲ್-ತಾತ · ಸೋಮವಾರ ರಾತ್ರಿ

ನಾವು ಕ್ಯಾಲಿಫೋರ್ನಿಯಾದಲ್ಲಿ ಮೂವತ್ತು ವರ್ಷ. ಇಬ್ಬರೂ ನಿವೃತ್ತರು, ಇಬ್ಬರಿಗೂ 65 ದಾಟಿದೆ, ಮನೆ ಸಾಲ ತೀರಿದೆ. ಮೊಮ್ಮಕ್ಕಳನ್ನು ಕರೆದುಕೊಂಡು ಸುತ್ತೋಣ ಎಂದು ಹೋದ ವರ್ಷ ಒಂದು ಆರ್‌ವಿ ಕೊಂಡೆವು. ತೆರಿಗೆಯೇ 5,500. ರಾಜ್ಯದ ಇನ್‌ಕಮ್ ಟ್ಯಾಕ್ಸ್ ನಮಗೆ ಬರೀ 3,100, ಸೋಶಿಯಲ್ ಸೆಕ್ಯೂರಿಟಿಗೆ ಈ ರಾಜ್ಯ ತೆರಿಗೆ ಹಾಕುವುದಿಲ್ಲವಲ್ಲ. ಹಾಗಾದರೆ ಸೇಲ್ಸ್ ಟ್ಯಾಕ್ಸೇ ಆರಿಸಿಕೊಳ್ಳಲೆ?

ಉಡುಪಿ-ಹ್ಯೂಸ್ಟನ್

ಎರಡರಲ್ಲಿ ದೊಡ್ಡದು ಯಾವುದು ಎಂದರೆ ಸೇಲ್ಸ್ ಟ್ಯಾಕ್ಸೇ ಸಾರ್. ಕೋಷ್ಟಕದ್ದು 1,400 ಹಿಡಿದರೂ ಆರ್‌ವಿ ಸೇರಿ 6,900. ನಿಮ್ಮ ಮನೆ ಕಂದಾಯ ಎಷ್ಟು?

ಸನ್ನಿವೇಲ್-ತಾತ

ಹಳೇ ಮನೆ, ಕೊಂಡಾಗಿನ ಬೆಲೆಯ ಲೆಕ್ಕ. 4,200.

ಉಡುಪಿ-ಹ್ಯೂಸ್ಟನ್

ಹಾಗಾದರೆ 11,100. ನಿಮ್ಮ ಸ್ಟ್ಯಾಂಡರ್ಡ್ 31,500, ಜೊತೆಗೆ 65 ದಾಟಿದ್ದಕ್ಕೆ ತಲಾ 1,600, ಒಟ್ಟು 34,700. ದೊಡ್ಡ ಆಸ್ಪತ್ರೆ ಖರ್ಚು, ದೊಡ್ಡ ದಾನ ಇಲ್ಲದಿದ್ದರೆ ಹತ್ತಿರವೂ ಸುಳಿಯುವುದಿಲ್ಲ. ಆರ್‌ವಿಯ ತೆರಿಗೆ ಈ ಮಟ್ಟಿಗೆ ಹೋದ ಹಾಗೆಯೇ.

ಆದರೆ 2025ರ ರಿಟರ್ನಿನಿಂದ 65 ದಾಟಿದವರಿಗೆ ತಲಾ 6,000ದ ಹೊಸ ಕಡಿತವೊಂದು ಬಂದಿದೆ, 2028ರ ತನಕ. ಐಟಮೈಸ್ ಮಾಡಿದರೂ (ಶೆಡ್ಯೂಲ್ ಎ ತುಂಬಿದರೂ) ಸಿಗುತ್ತದೆ, ಮಾಡದಿದ್ದರೂ ಸಿಗುತ್ತದೆ. ಜಂಟಿ ಆದಾಯ 1,50,000 ದಾಟಿದರೆ ಕರಗಲು ಶುರು. ಅದನ್ನು ಬಿಟ್ಟಿದ್ದೀರಾ ನೋಡಿ.

ಸನ್ನಿವೇಲ್-ತಾತ

ಬಿಟ್ಟಿದ್ದೆ. ಈಗಲೇ ಹೋಗಿ ನೋಡುತ್ತೇನೆ. ನಿಮ್ಮ ಮನೆ ತಣ್ಣಗಿರಲಿ.

ಮಲೆನಾಡಿಂದ-ಮಳೆನಾಡಿಗೆ

ಮತ್ತೆ ನಾನೇ. ಮಿತಿ 40,000 ಅಂದ್ರಿ, ಆದ್ರೆ ನಮ್ಮನೆಯವರಿಗೆ ಕಂಪನಿ ಕೊಟ್ಟ ಷೇರು ವೆಸ್ಟ್ ಆಗಿ (ಕೈಗೆ ಬಂದು) ಈ ವರ್ಷ ಇಬ್ಬರ ಆದಾಯ ಸೇರಿ 5,60,000 ತೋರಿಸ್ತಿದೆ. ನಮ್ಮ ತೆರಿಗೆ ಲೆಕ್ಕ ನೋಡೋ ಸಿಪಿಎ "ನಿಮಗೆ ಹಳೇ 10,000ವೇ" ಅಂದ್ರು. ಹೌದಾ?

ಉಡುಪಿ-ಹ್ಯೂಸ್ಟನ್

ಅವರು ಅವಸರದಲ್ಲಿ ಹೇಳಿರಬೇಕು. 5 ಲಕ್ಷ ದಾಟಿದ ಮೇಲೆ ಮಿತಿ ಒಮ್ಮೆಲೇ ಬೀಳುವುದಿಲ್ಲ, ದಾಟಿದ್ದರ 30%ರಷ್ಟು ಇಳಿಯುತ್ತದೆ. ನೀವು ದಾಟಿದ್ದು 60,000. ಅದರ 30% ಎಂದರೆ 18,000. ನಿಮ್ಮ ಮಿತಿ 22,000. ಹತ್ತು ಸಾವಿರಕ್ಕೆ ಇಳಿಯುವುದು ಆದಾಯ 6 ಲಕ್ಷ ಮುಟ್ಟಿದಾಗ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಕಂದಾಯ, ಸೇಲ್ಸ್ ಟ್ಯಾಕ್ಸ್ ಸೇರಿ ನಿಮ್ಮದು ಎಷ್ಟಾಗುತ್ತದೆ?

ಇನ್ನೊಂದು ತಮಾಷೆ. ಸೇಲ್ಸ್ ಟ್ಯಾಕ್ಸ್ ಕೋಷ್ಟಕದ ಕೊನೇ ಮೆಟ್ಟಿಲು 3 ಲಕ್ಷ. ಅಲ್ಲಿಂದಾಚೆ ನೀವೂ ಒಂದೇ, ಕೋಟ್ಯಧಿಪತಿಯೂ ಒಂದೇ.

ಮಲೆನಾಡಿಂದ-ಮಳೆನಾಡಿಗೆ

ಕಂದಾಯ 13,000, ಸೇಲ್ಸ್ ಟ್ಯಾಕ್ಸ್ ಕಾರೂ ಸೇರಿ ಸುಮಾರು 6,500. ಪೂರ್ತಿ ಹಿಡಿಯುತ್ತೆ! ನಾಳೆ ಬೆಳಗ್ಗೆನೇ ಫೋನ್ ಮಾಡ್ತೀನಿ ಅವರಿಗೆ.

ಜೆರ್ಸಿಯಿಂದ-ಬಂದವಳು · ಪ್ಲೇನೋ

ನಾವು ಜುಲೈ 1ಕ್ಕೆ ನ್ಯೂಜೆರ್ಸಿ ಬಿಟ್ಟು ಇಲ್ಲಿಗೆ ಬಂದ್ವಿ. ಅಲ್ಲಿ ಅರ್ಧ ವರ್ಷದ ಇನ್‌ಕಮ್ ಟ್ಯಾಕ್ಸ್, ಇಲ್ಲಿ ಅರ್ಧ ವರ್ಷದ ಸೇಲ್ಸ್ ಟ್ಯಾಕ್ಸ್, ಹೀಗೆ ಹಂಚಿ ಹಾಕಬಹುದಾ?

ಉಡುಪಿ-ಹ್ಯೂಸ್ಟನ್

ಇಡೀ ವರ್ಷಕ್ಕೆ ಒಂದೇ ಆಯ್ಕೆ. ಸೇಲ್ಸ್ ಟ್ಯಾಕ್ಸ್ ಎಂದರೆ ಜೆರ್ಸಿಯ ಕೋಷ್ಟಕಕ್ಕೆ 181 ದಿನ, ಟೆಕ್ಸಸ್‌ನದ್ದಕ್ಕೆ 184 ದಿನ, 365ರಿಂದ ಭಾಗಿಸಿ ಕೂಡಿಸಬೇಕು. ಇನ್‌ಕಮ್ ಟ್ಯಾಕ್ಸ್ ಎಂದರೆ ಜೆರ್ಸಿಯಲ್ಲಿ ಹಿಡಿದದ್ದು ಮಾತ್ರ. ದೊಡ್ಡದನ್ನು ಇಟ್ಟುಕೊಳ್ಳಿ. ಸೇಲ್ಸ್ ಟ್ಯಾಕ್ಸ್ ಆರಿಸಿದರೆ ಒಂದು ಅನುಕೂಲವೂ ಉಂಟು: ಜೆರ್ಸಿಯಿಂದ ಆ ವರ್ಷದ ರಿಫಂಡ್ ಬಂದರೆ ಅದಕ್ಕೆ ಮುಂದಿನ ವರ್ಷ ಇಲ್ಲಿ ತೆರಿಗೆ ಬೀಳುವುದಿಲ್ಲ. ನೀವು ಕಳೆದೇ ಇಲ್ಲವಲ್ಲ, ವಾಪಸ್ಸು ಬಂದದ್ದು ಆದಾಯ ಹೇಗಾದೀತು.

ಹಾಸನದ-ಆಲೂಗಡ್ಡೆ · ಮಂಗಳವಾರ

ಉಪ್ಪಿಗಿಂತ ರುಚಿ ಬೇರೆ ಇಲ್ಲ ಅಂತಾರೆ, ಈ ಸಾಲ್ಟ್ ಮಾತ್ರ ಯಾಕೋ ಸಪ್ಪೆ. 192, 120, ಇಷ್ಟಿಷ್ಟೇ. ಇದರಲ್ಲಿ ನಿಜವಾಗಿ ದುಡ್ಡು ಮಾಡಿದೋರು ಯಾರಾದ್ರೂ ಇದೀರಾ?

ಉಡುಪಿ-ಹ್ಯೂಸ್ಟನ್

ಇದ್ದೇನೆ, ಹೇಳುತ್ತೇನೆ. ಟೆಕ್ಸಸ್‌ನಲ್ಲಿ ಮನೆ ಕಂದಾಯದ ಬಿಲ್ಲು ಅಕ್ಟೋಬರ್, ನವೆಂಬರಿನಲ್ಲಿ ಬರುತ್ತದೆ, ಕಟ್ಟಲಿಕ್ಕೆ ಜನವರಿ 31ರ ತನಕ ಸಮಯ. ನಾನು 2024ರ ಬಿಲ್ಲನ್ನು ಕಾದು ಕಾದು 2025ರ ಜನವರಿಯಲ್ಲಿ ಕಟ್ಟಿದೆ. 2025ರ ಬಿಲ್ಲನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಕಟ್ಟಿದೆ. ಯಾವ ವರ್ಷದ ಬಿಲ್ಲು ಎಂಬುದಲ್ಲ, ಯಾವ ವರ್ಷ ಕಟ್ಟಿದಿರಿ ಎಂಬುದು ಲೆಕ್ಕ. ಒಂದೇ ವರ್ಷಕ್ಕೆ ಎರಡು ಕಂದಾಯ. 10,000ದ ಮಿತಿಯಲ್ಲಿ ಇದು ನಿರುಪಯೋಗಿ ಆಟ, 40,000ದಲ್ಲಿ ಅಲ್ಲ.

ಮಂಡ್ಯದವರ ಅಂಕೆಯಲ್ಲೇ ನೋಡಿ. ಕಂದಾಯ ಎರಡು ಸಲ 23,800, ಸೇಲ್ಸ್ ಟ್ಯಾಕ್ಸ್ 4,375, ಕೂಡಿ 28,175, ಮಿತಿಯ ಒಳಗೇ. ಬಡ್ಡಿ, ದಾನ ಸೇರಿದರೆ 44,275. ಸ್ಟ್ಯಾಂಡರ್ಡಿಗಿಂತ 12,775 ಮೇಲೆ. ಅದರ 22% ಎಂದರೆ 2,810. ಮುಂದಿನ ವರ್ಷ ಕಂದಾಯವೇ ಇಲ್ಲ, ಸುಮ್ಮನೆ ಸ್ಟ್ಯಾಂಡರ್ಡ್ ತೆಗೆದುಕೊಳ್ಳುವುದು, 2026ಕ್ಕೆ ಅದು 32,200. ಗಾಡಿ ಕೊಳ್ಳುವುದು, ಮನೆಗೆ ಕೋಣೆ ಕಟ್ಟಿಸುವುದು ಇದ್ದರೆ ಎರಡು ಕಂದಾಯ ಕಟ್ಟುವ ವರ್ಷಕ್ಕೇ ಇಟ್ಟುಕೊಳ್ಳಬೇಕು. ಆಗ ಸೇಲ್ಸ್ ಟ್ಯಾಕ್ಸಿನ ಒಂದೊಂದು ಡಾಲರೂ ಹೊಂಡಕ್ಕೆ ಬೀಳದೆ ಮೇಲೆಯೇ ನಿಲ್ಲುತ್ತದೆ.

ಕೋಣೆ ಕಟ್ಟಿಸುವವರಿಗೆ ಒಂದು ಮಾತು. ಗುತ್ತಿಗೆದಾರ ಇಷ್ಟು ಎಂದು ಒಟ್ಟು ಮೊತ್ತ ಹೇಳಿ ಸಾಮಾನು ತಾನೇ ತಂದರೆ ಆ ತೆರಿಗೆ ಅವನದ್ದು. ಗ್ರಾನೈಟ್, ಮರ, ಟೈಲ್ಸ್ ನೀವೇ ಕೊಂಡು ನಿಮ್ಮ ಹೆಸರಿನಲ್ಲಿ ಬಿಲ್ಲು ಇದ್ದರೆ ನಿಮ್ಮದು.

ಮಂಡ್ಯ-ಫ್ರಿಸ್ಕೋ · ಬುಧವಾರ

ಉಡುಪಿ ಸಾರ್, ಇದನ್ನ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಂದಾಯ ಎಸ್ಕ್ರೋದಲ್ಲಿ ಹೋಗುತ್ತೆ, ಸಾಲ ಕೊಟ್ಟೋರೇ ಡಿಸೆಂಬರ್‌ನಲ್ಲಿ ಕಟ್ಟಿಬಿಡ್ತಾರೆ. ಇವತ್ತು ಮಧ್ಯಾಹ್ನ ಅವರಿಗೇ ಫೋನ್ ಮಾಡಿ "ನಮ್ಮ ಕಂದಾಯ ನಾವೇ ಕಟ್ಕೋತೀವಿ, ಬಿಟ್ಬಿಡಿ" ಅಂದೆ. ನಲವತ್ತು ನಿಮಿಷ ಹಾಡು ಕೇಳಿಸಿ ಆಮೇಲೆ ಹೇಳಿದ್ರು: ಬಾಕಿ ಸಾಲ ಮನೆ ಬೆಲೆಯ 80%ಗಿಂತ ಕೆಳಗೆ ಬಂದಿರಬೇಕಂತೆ. ನಮ್ಮದು 83.

ಈ ವರ್ಷದ್ದು 192 ಡಾಲರ್ 50 ಸೆಂಟ್‌ಗೆ ಟಿಕ್ ಹಾಕಿ ಕಳಿಸಿದೆ. 5ಎ ಪಕ್ಕದ ಚೌಕಕ್ಕೂ ಟಿಕ್ ಹಾಕಿದೀನಿ, ಎರಡು ಸಲ ನೋಡಿದೆ. ಗಾಡಿ ಬಿಲ್ಲು ಫೈಲಲ್ಲಿ, ಉಳಿದ ರಸೀದಿ ಕಸಕ್ಕೆ. ಡಬ್ಬಕ್ಕೆ ಹೆಂಡತಿ ಕೋಡುಬಳೆ ತುಂಬಿದಾಳೆ.

ಆ 3% ಇಳಿಸೋಕೆ ಅಸಲಿಗೆ ಎಷ್ಟು ಕಟ್ಟಬೇಕು ಅಂತ ಈಗ ಕೂಡಿಸ್ತಾ ಇದೀನಿ.